ಸಂಚಾರಿ ಲೈಟ್ ಟವರ್‌ಗಳ ಹುಟ್ಟು ಮತ್ತು ಬೆಳವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಹೊತ್ತು ಹೆದ್ದಾರಿಗೆ ಡಾಂಬರು ಹಾಕುವ ಕಡೆ, ಮೇಲ್ಸೇತುವೆ ಕಾಮಗಾರಿಯ ಪಕ್ಕ, ತೆರೆದ ಗಣಿಯ ಅಂಚಿನಲ್ಲಿ, ಗುಡ್ಡ ಕುಸಿದ ಜಾಗದಲ್ಲಿ ಒಂದು ಟ್ರೇಲರ್ ನಿಂತಿರುತ್ತದೆ. ಅದರ ಮೇಲೊಂದು ಉದ್ದನೆಯ ಕಂಬ, ತುದಿಯಲ್ಲಿ ನಾಲ್ಕು ದೀಪ, ಬುಡದಲ್ಲಿ ಒಂದೇ ಸಮನೆ ಓಡುವ ಡೀಸೆಲ್ ಎಂಜಿನ್. ದೀಪ ಕಂಡುಹಿಡಿದವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆ ದೀಪವನ್ನು ಎತ್ತರಕ್ಕೆ ಏರಿಸಿ, ಬೇಕಾದಲ್ಲಿಗೆ ಎಳೆದುಕೊಂಡು ಹೋಗುವಂತೆ ಮಾಡಿದವರ ಕಥೆ ಹೆಚ್ಚು ಜನರಿಗೆ ತಲುಪಿಲ್ಲ. ರಾತ್ರಿ ಪಾಳಿಯಲ್ಲಿ ದುಡಿಯುವವರ ಕೈಕಾಲು, ಜೀವ ಉಳಿಸಿರುವುದು ಈ ಎರಡನೆಯ ಕಥೆ. ಅದಕ್ಕಾಗಿಯೇ ಈ ಪ್ರಶ್ನೋತ್ತರ.

ಲೈಟ್ ಟವರ್ ಎಂದು ಯಾವುದನ್ನು ಕರೆಯಬೇಕು? ಕ್ರೀಡಾಂಗಣದ ದೀಪದ ಕಂಬವೂ ಅದೇ ತಾನೆ?

ಅಲ್ಲ. ಕ್ರೀಡಾಂಗಣದ ಕಂಬ ನೆಲದಲ್ಲಿ ಊರಿದ್ದು, ಅದಕ್ಕೆ ವಿದ್ಯುತ್ ಹೊರಗಿನಿಂದ ಬರುತ್ತದೆ. ಸಂಚಾರಿ ಟವರ್ ಎನ್ನಬೇಕಾದರೆ ನಾಲ್ಕು ಅಂಗ ಒಟ್ಟಿಗೆ ಇರಬೇಕು: ದೀಪ, ಎತ್ತರಿಸಿ ಇಳಿಸಬಹುದಾದ ಕಂಬ, ತನ್ನದೇ ವಿದ್ಯುತ್ ಮೂಲ, ಮತ್ತು ಇವೆಲ್ಲವನ್ನೂ ಹೊತ್ತು ಸಾಗುವ ಗಾಡಿ. ಇವು ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ನಿಧಾನವಾಗಿ ಒಂದೆಡೆ ಸೇರಿದವು. ಹಾಗಾಗಿ ಈ ಯಂತ್ರಕ್ಕೆ ಒಬ್ಬನೇ ಜನಕ ಎಂದು ಹೇಳುವಂತಿಲ್ಲ.

ವಿದ್ಯುತ್ ಬರುವ ಮುಂಚೆ ದೊಡ್ಡ ಕಾಮಗಾರಿಗಳನ್ನು ರಾತ್ರಿ ಹೇಗೆ ನಡೆಸುತ್ತಿದ್ದರು?

ಪಂಜು, ಎಣ್ಣೆ ಲಾಂದ್ರ, ಅಲ್ಲಲ್ಲಿ ಉರಿಸಿದ ಬೆಂಕಿ. ಇವುಗಳ ಬೆಳಕು ಹತ್ತು ಹೆಜ್ಜೆ ದಾಟುತ್ತಿರಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟನ್ನಿನಲ್ಲಿ ಎರಡು ಎಣ್ಣೆ ದೀಪಗಳು ಬಂದವು. ಲ್ಯೂಸಿಜೆನ್ ಎಂಬುದು ಒತ್ತಡದ ಗಾಳಿಯಿಂದ ಒರಟು ಎಣ್ಣೆಯನ್ನು ತುಂತುರು ಮಾಡಿ ಉರಿಸುತ್ತಿತ್ತು. ಸ್ಕಾಟ್ಲೆಂಡಿನಲ್ಲಿ 1882ರಿಂದ 1890ರವರೆಗೆ ಕಟ್ಟಿದ ಫೋರ್ತ್ ರೈಲು ಸೇತುವೆಯ ಕೆಲಸಕ್ಕೆ ಈ ದೀಪಗಳನ್ನು ಬಳಸಿದರು. ಇನ್ನೊಂದು 1888ರಲ್ಲಿ ಪೇಟೆಂಟ್ ಪಡೆದ ವೆಲ್ಸ್ ಲೈಟ್. ಅದರಲ್ಲಿ ಕಬ್ಬಿಣದ ಟ್ಯಾಂಕಿಗೆ ಸೀಮೆಎಣ್ಣೆ ತುಂಬಿ ಕೈಪಂಪಿನಿಂದ ಒತ್ತಡ ಏರಿಸುತ್ತಿದ್ದರು. ಎಣ್ಣೆ ನೆಟ್ಟಗೆ ನಿಂತ ಕೊಳವೆಯಲ್ಲಿ ಮೇಲೇರಿ, ತುದಿಯ ಬರ್ನರಿನ ಬಿಸಿಗೆ ಆವಿಯಾಗಿ, ದೊಡ್ಡ ಜ್ವಾಲೆಯಾಗಿ ಉರಿಯುತ್ತಿತ್ತು. ರೈಲು ಹಳಿ ದುರಸ್ತಿ, ಹಡಗುಕಟ್ಟೆ, ಸುರಂಗದ ಬಾಯಿ ಮುಂತಾದ ಕಡೆ ಇದು ಬಹುಕಾಲ ನಡೆಯಿತು.

ಬುಡದಲ್ಲಿ ಇಂಧನ, ನಡುವೆ ಕಂಬ, ತುದಿಯಲ್ಲಿ ಬೆಳಕು. ವೆಲ್ಸ್ ಲೈಟಿನ ಈ ರೂಪವನ್ನು ನೋಡಿದರೆ ಇಂದಿನ ಟವರ್‌ನ ಅಜ್ಜನನ್ನು ಅಲ್ಲಿಯೇ ಗುರುತಿಸಬಹುದು. ಆದರೆ ಜ್ವಾಲೆಯ ಭೋರ್ಗರೆತ ವಿಪರೀತ. ಮರದ ಅಟ್ಟಣೆಗಳ ನಡುವೆ ತೆರೆದ ಬೆಂಕಿಯನ್ನು ಇಟ್ಟುಕೊಂಡು ದುಡಿಯುವ ಅಪಾಯವೂ ಸಣ್ಣದಲ್ಲ.

ವಿದ್ಯುತ್ ದೀಪ ಮೊದಲ ಬಾರಿ ಟವರ್ ಏರಿದ್ದು ಯಾವಾಗ?

ಎರಡು ಇದ್ದಿಲು ಕಡ್ಡಿಗಳ ನಡುವೆ ವಿದ್ಯುತ್ ಹಾಯಿಸಿ ಕಣ್ಣು ಕುಕ್ಕುವ ಬೆಳಕು ತರಬಹುದು ಎಂದು ಹಂಫ್ರಿ ಡೇವಿ 19ನೇ ಶತಮಾನದ ಆರಂಭದಲ್ಲೇ ತೋರಿಸಿದ್ದರು. ಇದೇ ಆರ್ಕ್ ದೀಪ. ಆದರೆ ಅದಕ್ಕೆ ಕೋಣೆ ತುಂಬುವಷ್ಟು ಬ್ಯಾಟರಿ ಬೇಕಿತ್ತು. 1870ರ ದಶಕದಲ್ಲಿ ಗ್ರಾಮ್, ಸೀಮೆನ್ಸ್ ಮೊದಲಾದವರ ಡೈನಮೋಗಳು ಬಂದ ಮೇಲೆಯೇ ಅದು ಪ್ರಯೋಗಶಾಲೆ ಬಿಟ್ಟು ಬಯಲಿಗೆ ಬಂತು.

1878ರ ಅಕ್ಟೋಬರ್ 14ರ ಸಂಜೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಬ್ರಾಮಲ್ ಲೇನ್ ಮೈದಾನದಲ್ಲಿ ಒಂದು ಪ್ರದರ್ಶನ ಫುಟ್‌ಬಾಲ್ ಪಂದ್ಯ ನಡೆಯಿತು. ನಾಲ್ಕು ಮೂಲೆಗೆ ಸುಮಾರು 30 ಅಡಿ ಎತ್ತರದ ಮರದ ಗೋಪುರಗಳು, ಒಂದೊಂದರ ಮೇಲೂ ಒಂದೊಂದು ಆರ್ಕ್ ದೀಪ. ಗೋಲುಗಳ ಹಿಂದೆ ಇಟ್ಟ ಎಂಜಿನ್‌ಗಳು ಡೈನಮೋ ತಿರುಗಿಸುತ್ತಿದ್ದವು. ನೋಡಲು ಬಂದವರು ಸುಮಾರು 20 ಸಾವಿರ. ಟಿಕೆಟ್ ಕೊಂಡವರ ಜೊತೆಗೆ ಹಾಗೆಯೇ ನುಗ್ಗಿದವರೂ ಸೇರಿ ಸಂಖ್ಯೆ ಬೆಳೆಯಿತು. ಎಡಿಸನ್ ತನ್ನ ಬಲ್ಬನ್ನು ಜನರ ಮುಂದೆ ಇಟ್ಟಿದ್ದು ಅದರ ಮರುವರ್ಷ. ಎಂದರೆ ಮನೆಯೊಳಗೆ ವಿದ್ಯುತ್ ದೀಪ ಬರುವ ಮೊದಲೇ ಮೈದಾನದಲ್ಲಿ ಹೊನಲು ಬೆಳಕಿನ ಪಂದ್ಯ ಆಗಿಹೋಗಿತ್ತು. ಬೇಕಾದಾಗ ಕಟ್ಟಿ, ಮುಗಿದ ಮೇಲೆ ಬಿಚ್ಚಿಟ್ಟ ಆ ವ್ಯವಸ್ಥೆಯಲ್ಲಿ ಗಾಡಿಯೊಂದನ್ನು ಬಿಟ್ಟು ಮಿಕ್ಕ ಮೂರು ಅಂಗಗಳೂ ಇದ್ದವು.

ಅಮೆರಿಕದ ‘ಮೂನ್‌ಲೈಟ್ ಟವರ್’ಗಳಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ, ಆದರೆ ಅವು ಸಂಚಾರಿಯಲ್ಲ. 1880ರ ದಶಕದಲ್ಲಿ ಅಮೆರಿಕದ ಕೆಲವು ನಗರಗಳು ಬೀದಿಗೊಂದು ದೀಪ ಹಾಕುವ ಬದಲು ಬಲು ಎತ್ತರದ ಗೋಪುರಗಳ ಮೇಲೆ ಆರ್ಕ್ ದೀಪ ಇಟ್ಟು ಇಡೀ ಬಡಾವಣೆಯನ್ನು ಬೆಳಗಲು ಹೊರಟವು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 1881ರಲ್ಲಿ 237 ಅಡಿಯ ಗೋಪುರ ಎದ್ದಿತು. 1915ರಲ್ಲಿ ಬಿರುಗಾಳಿಗೆ ಬಿತ್ತು. ಡೆಟ್ರಾಯಿಟ್ ನಗರ ನೂರಕ್ಕೂ ಹೆಚ್ಚು ಗೋಪುರ ನಿಲ್ಲಿಸಿತ್ತು. ಟೆಕ್ಸಸ್‌ನ ಆಸ್ಟಿನ್ 1890ರ ದಶಕದಲ್ಲಿ 31 ಗೋಪುರ ನಿಲ್ಲಿಸಿತು, 165 ಅಡಿ ಎತ್ತರದ್ದು. ಅವುಗಳಲ್ಲಿ ಕೆಲವು ಇಂದಿಗೂ ಉರಿಯುತ್ತಿವೆ.

ಇವು ಕಲಿಸಿದ ಪಾಠ ಈಗಲೂ ಸೈಟಿನಲ್ಲಿ ಉಪಯೋಗಕ್ಕೆ ಬರುತ್ತದೆ. ತೀರಾ ಎತ್ತರದ ಒಂದೇ ದೀಪ ಮಾಡಿನ ಮೇಲೆ, ಮರದ ನೆತ್ತಿಯ ಮೇಲೆ ಚೆನ್ನಾಗಿ ಬೀಳುತ್ತದೆ. ಜನ ನಡೆಯುವ ಜಾಗ ನೆರಳಿನಲ್ಲೇ ಉಳಿಯುತ್ತದೆ. ಬೆಳಕು ಎಷ್ಟು ಎಂಬುದಕ್ಕಿಂತ ಅದು ಎಲ್ಲಿಂದ ಬರುತ್ತದೆ ಎಂಬುದು ದೊಡ್ಡ ಪ್ರಶ್ನೆ.

ಹಾಗಾದರೆ ನಿಜವಾದ ಅರ್ಥದಲ್ಲಿ ಚಕ್ರದ ಮೇಲೆ ಸಾಗಿದ ಮೊದಲ ಟವರ್ ಯಾವುದು?

‘ಮೊಟ್ಟಮೊದಲ’ ಎಂಬ ಪಟ್ಟ ಕಟ್ಟಲು ನಾನು ಹೋಗುವುದಿಲ್ಲ. ಆದರೆ ನಾಲ್ಕೂ ಅಂಗಗಳು ಕೂಡಿಬಂದ, ದಾಖಲೆಯಲ್ಲಿ ಉಳಿದ, ನನಗೆ ಅತ್ಯಂತ ಮೆಚ್ಚುಗೆಯ ಉದಾಹರಣೆಯೊಂದಿದೆ. ಅದು ಕಾಮಗಾರಿಯಿಂದ ಬಂದದ್ದಲ್ಲ, ಬೇಸ್‌ಬಾಲ್‌ನಿಂದ ಬಂದದ್ದು.

ಕನ್ಸಾಸ್ ಸಿಟಿ ಮೊನಾರ್ಕ್ಸ್ ಎಂಬುದು ಅಮೆರಿಕದ ಕಪ್ಪು ಆಟಗಾರರ ತಂಡ. ಬಿಳಿಯರ ದೊಡ್ಡ ಲೀಗುಗಳು ಇವರನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲಿ ನೀಗ್ರೊ ಲೀಗ್ ಎಂಬ ಪ್ರತ್ಯೇಕ ವ್ಯವಸ್ಥೆಯಲ್ಲಿ ಆಡುತ್ತಿದ್ದರು. 1929ರಲ್ಲಿ ಷೇರುಪೇಟೆ ಕುಸಿದು ಆರ್ಥಿಕ ಮುಗ್ಗಟ್ಟು ಶುರುವಾಯಿತು. ಕೈಯಲ್ಲಿ ಕೆಲಸ ಇದ್ದವರು ಅದನ್ನು ಬಿಟ್ಟು ಹಗಲು ಆಟ ನೋಡಲು ಬರುವ ಸ್ಥಿತಿಯಲ್ಲಿರಲಿಲ್ಲ. ತಂಡದ ಮಾಲೀಕ ಜೆ.ಎಲ್. ವಿಲ್ಕಿನ್ಸನ್ ಸಾಲ ಮಾಡಿ, ಒಮಾಹಾ ನಗರದ ಕಂಪನಿಯೊಂದರಿಂದ ಸಂಚಾರಿ ದೀಪದ ವ್ಯವಸ್ಥೆ ಮಾಡಿಸಿದರು. ಟ್ರಕ್ಕುಗಳ ಮೇಲೆ ಒಂದರೊಳಗೊಂದು ಜಾರುವ ಕೊಳವೆಗಳ ಕಂಬಗಳು. ಆಟದ ಹೊತ್ತಿಗೆ ಅವು ಸುಮಾರು 50 ಅಡಿ ಎತ್ತರಕ್ಕೆ ಏಳುತ್ತಿದ್ದವು. ವಿದ್ಯುತ್ತಿಗೆ ದೊಡ್ಡದೊಂದು ಜನರೇಟರ್, ಅದನ್ನು ತಿರುಗಿಸಲು 250 ಅಶ್ವಶಕ್ತಿಯ ಎಂಜಿನ್. ಊರಿಂದೂರಿಗೆ ಆಟಗಾರರ ಜೊತೆಗೆ ಬೆಳಕೂ ಪ್ರಯಾಣ ಮಾಡುತ್ತಿತ್ತು.

1930ರ ಏಪ್ರಿಲ್ 28ರಂದು ಒಕ್ಲಹೋಮಾದ ಎನಿಡ್ ಊರಿನಲ್ಲಿ ಈ ದೀಪಗಳಡಿ ಮೊದಲ ಆಟ. ಎಂಜಿನ್ ಗದ್ದಲಕ್ಕೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ದೀಪದ ಮಟ್ಟದಿಂದ ಮೇಲಕ್ಕೆ ಹಾರಿದ ಚೆಂಡು ಕತ್ತಲಲ್ಲಿ ಮಾಯವಾಗುತ್ತಿತ್ತು. ಆದರೂ ಜನ ಬಂದರು, ದುಡಿದು ಮನೆಗೆ ಮರಳಿದ ಮೇಲೆ ಬಂದರು. ಮುಗ್ಗಟ್ಟಿನ ವರ್ಷಗಳಲ್ಲಿ ತಂಡ ಉಳಿದದ್ದೇ ಈ ಬೆಳಕಿನಿಂದ. ಬಿಳಿಯರ ಮೇಜರ್ ಲೀಗ್ ತನ್ನ ಮೊದಲ ರಾತ್ರಿ ಪಂದ್ಯ ಆಡಿದ್ದು 1935ರ ಮೇ 24ರಂದು, ಸಿನ್ಸಿನಾಟಿಯಲ್ಲಿ. ಅಂದರೆ ಐದು ವರ್ಷ ತಡವಾಗಿ. ಮುಂದೆ 1945ರಲ್ಲಿ ಇದೇ ಮೊನಾರ್ಕ್ಸ್ ತಂಡದಲ್ಲಿ ಆಡಿದ ಜಾಕಿ ರಾಬಿನ್ಸನ್, ಎರಡು ವರ್ಷದ ನಂತರ ಮೇಜರ್ ಲೀಗಿನ ವರ್ಣಭೇದದ ಗೋಡೆ ಒಡೆದರು. ವಿಲ್ಕಿನ್ಸನ್ ಹೆಸರು ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ್ದು 2006ರಲ್ಲಿ. ಲೈಟ್ ಟವರ್‌ನ ಇತಿಹಾಸವನ್ನು ಬರೀ ಎಂಜಿನ್, ಬಲ್ಬುಗಳ ಪಟ್ಟಿಯಾಗಿ ಬರೆಯುವವರು ಈ ತಂಡವನ್ನು ಬಿಟ್ಟುಬಿಡುತ್ತಾರೆ. ಅದು ಅನ್ಯಾಯ.

ಯುದ್ಧಗಳಿಂದ ಈ ಯಂತ್ರಕ್ಕೆ ಏನು ಸಿಕ್ಕಿತು?

ಮುಖ್ಯವಾಗಿ ಗಟ್ಟಿತನ. 1870–71ರಲ್ಲಿ ಪ್ಯಾರಿಸ್ ಮುತ್ತಿಗೆಯ ಸಮಯದಲ್ಲೇ ವಿದ್ಯುತ್ ಶೋಧಕ ದೀಪಗಳು ಬಳಕೆಗೆ ಬಂದಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನ ಹುಡುಕುವ 60 ಇಂಚಿನ ಸರ್ಚ್‌ಲೈಟುಗಳು ಚಕ್ರದ ಮೇಲೆ ಸಾಗುತ್ತಿದ್ದವು, ಹಿಂದೆಯೇ ಅವುಗಳ ಜನರೇಟರ್. 1944ರಲ್ಲಿ ನಾರ್ಮಂಡಿಯಲ್ಲಿ ಬ್ರಿಟಿಷ್ ಪಡೆ ಈ ದೀಪಗಳನ್ನು ಮೋಡದತ್ತ ತಿರುಗಿಸಿ, ಪ್ರತಿಫಲಿಸಿದ ಮಂದ ಬೆಳಕಿನಲ್ಲಿ ಸೈನಿಕರನ್ನು ನಡೆಸಿತು. ನೇರ ಬೆಳಕಿಗಿಂತ ಹರಡಿದ ಬೆಳಕು ಕೆಲವೊಮ್ಮೆ ಹೆಚ್ಚು ಉಪಯೋಗಿ ಎಂಬ ಈ ತಿಳಿವು ಮುಂದೆ ಬಲೂನ್ ದೀಪಗಳಲ್ಲಿ ಮತ್ತೆ ಕಾಣಿಸುತ್ತದೆ.

ಬಲ್ಬುಗಳು ಹೇಗೆ ಬದಲಾದವು?

ಆರ್ಕ್ ದೀಪದ ಇದ್ದಿಲು ಕಡ್ಡಿ ಸವೆಯುತ್ತದೆ, ಯಾರಾದರೂ ಪದೇ ಪದೇ ಬದಲಿಸಬೇಕು. ಹಾಗಾಗಿ ತಂತಿ ಕಾಯ್ದು ಬೆಳಗುವ ದೊಡ್ಡ ಬಲ್ಬುಗಳು ಬಂದವು. ಇವು ಸರಳ, ಆದರೆ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತಿತ್ತು. 1959ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಟಂಗ್‌ಸ್ಟನ್ ಹ್ಯಾಲೊಜನ್ ಬಲ್ಬಿನ ಪೇಟೆಂಟ್ ಸಿಕ್ಕಿತು. ಸಣ್ಣ ಗಾತ್ರ, ಬಿಳಿ ಬೆಳಕು, ಸ್ವಿಚ್ ಒತ್ತಿದೊಡನೆ ಹೊತ್ತಿಕೊಳ್ಳುವ ಗುಣ. ನಮ್ಮ ಊರುಗಳಲ್ಲಿ ಮದುವೆ ಮಂಟಪ, ಜಾತ್ರೆಗಳಲ್ಲಿ ‘ಫೋಕಸ್ ಲೈಟ್’ ಎಂದು ಕಟ್ಟುತ್ತಿದ್ದುದು ಹೆಚ್ಚಾಗಿ ಇದನ್ನೇ.

ದೊಡ್ಡ ತಿರುವು ಮೆಟಲ್ ಹ್ಯಾಲೈಡ್‌ನದು. 1960ರ ದಶಕದ ಆರಂಭದಲ್ಲಿ ಅದೇ ಕಂಪನಿಯ ಗಿಲ್ಬರ್ಟ್ ರೈಲಿಂಗ್ ಪಾದರಸದ ದೀಪಕ್ಕೆ ಲೋಹದ ಲವಣಗಳನ್ನು ಸೇರಿಸಿ, ಬೆಳಕಿನ ಪ್ರಮಾಣವನ್ನೂ ಬಣ್ಣವನ್ನೂ ಸುಧಾರಿಸಿದರು. ಲೆಕ್ಕ ನೋಡಿ: 1000 ವಾಟ್‌ನ ಹ್ಯಾಲೊಜನ್ ಸುಮಾರು 20 ಸಾವಿರ ಲ್ಯೂಮೆನ್ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಬೆಳಕು ಕೊಟ್ಟರೆ, 1000 ವಾಟ್‌ನ ಹೊಸ ಮೆಟಲ್ ಹ್ಯಾಲೈಡ್ ಒಂದು ಲಕ್ಷ ದಾಟುತ್ತದೆ. ಅಷ್ಟೇ ಜನರೇಟರಿನಿಂದ ಐದು ಪಟ್ಟು ಬೆಳಕು. ನಾಲ್ಕು ದೀಪ, ತಲಾ 1000 ವಾಟ್, ಸುಮಾರು 9 ಮೀಟರ್ ಕಂಬ, 6ರಿಂದ 8 ಕಿಲೋವಾಟ್‌ನ ಡೀಸೆಲ್ ಜನರೇಟರ್: ಈ ಅಳತೆ ಜಗತ್ತಿನಾದ್ಯಂತ ಬಾಡಿಗೆ ಕಂಪನಿಗಳ ರೂಢಿಯಾಗಿ ದಶಕಗಳ ಕಾಲ ನಿಂತಿತು.

ಅನಂತರ ಎಲ್‌ಇಡಿ. ನೀಲಿ ಎಲ್‌ಇಡಿ ಇಲ್ಲದೆ ಬಿಳಿ ಬೆಳಕಿನ ಎಲ್‌ಇಡಿ ಸಾಧ್ಯವಿರಲಿಲ್ಲ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಟವರ್‌ನಲ್ಲಿ ಈಗ 300–350 ವಾಟ್‌ನ ನಾಲ್ಕು ಎಲ್‌ಇಡಿ ಇರುವುದು ಸಾಮಾನ್ಯ. ಒಟ್ಟು ಲ್ಯೂಮೆನ್ ಹೋಲಿಸಿದರೆ ಹಳೆಯ ಮೆಟಲ್ ಹ್ಯಾಲೈಡೇ ಮುಂದಿದೆ. ಇದನ್ನು ಕೇಳಿ ಹಲವರು ಗೊಂದಲಪಡುತ್ತಾರೆ. ಆದರೆ ಹಳೆಯ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಅದನ್ನು ಪ್ರತಿಫಲಕದಿಂದ ಹಿಡಿದು ತಿರುಗಿಸುವಾಗ ಒಂದು ಪಾಲು ನಷ್ಟ. ಜೊತೆಗೆ ಬಲ್ಬು ಹಳತಾದಂತೆ ಬೆಳಕು ಗಣನೀಯವಾಗಿ ಕುಗ್ಗುತ್ತದೆ. ಎಲ್‌ಇಡಿ ಬೆಳಕನ್ನು ಲೆನ್ಸ್ ಮೂಲಕ ಬೇಕಾದಲ್ಲಿಗೇ ಕಳಿಸಬಹುದು. ಕೊನೆಗೆ ಲೆಕ್ಕಕ್ಕೆ ಬರುವುದು ನೆಲಕ್ಕೆ ಮುಟ್ಟಿದ ಬೆಳಕು ಮಾತ್ರ.

ಮೆಟಲ್ ಹ್ಯಾಲೈಡ್ ಟವರ್ ಆರಿದ ಮೇಲೆ ಕೂಡಲೇ ಏಕೆ ಹೊತ್ತಿಕೊಳ್ಳುವುದಿಲ್ಲ?

ಒಳಗಿನ ಅನಿಲದ ಒತ್ತಡ ಬಿಸಿಯಲ್ಲಿ ಬಹಳ ಏರಿರುತ್ತದೆ. ಆ ಸ್ಥಿತಿಯಲ್ಲಿ ಕಿಡಿ ಹಾಯುವುದಿಲ್ಲ. ತಣಿದು ಮತ್ತೆ ಪೂರ್ತಿ ಬೆಳಗಲು 10–15 ನಿಮಿಷ ಬೇಕು. ಕ್ರೇನಿನಲ್ಲಿ ಹೊರೆ ತೂಗುತ್ತಿರುವಾಗ ಆ ಕತ್ತಲಿನ ಕಾಲು ಗಂಟೆ ಎಷ್ಟು ಅಪಾಯಕಾರಿ ಎಂಬುದನ್ನು ಸೈಟಿನಲ್ಲಿದ್ದವರೇ ಬಲ್ಲರು. ಇನ್ನೊಂದು ಎಚ್ಚರ: ಹೊರಗಿನ ಗಾಜು ಒಡೆದ ಮೆಟಲ್ ಹ್ಯಾಲೈಡ್ ಬಲ್ಬನ್ನು ಹಾಗೆಯೇ ಉರಿಸಬಾರದು. ಗಾಜು ತಡೆಯುತ್ತಿದ್ದ ನೇರಳಾತೀತ ಕಿರಣ ಹೊರಬಂದು ಕಣ್ಣು, ಚರ್ಮ ಸುಡುತ್ತದೆ.

ಕಂಬ ಮೇಲೇರುವ ಬಗೆ ಹೇಗೆ? ಒಂಬತ್ತು ಮೀಟರ್‌ಗೇ ಏಕೆ ನಿಂತಿತು?

ಚೌಕಾಕಾರದ ಉಕ್ಕಿನ ಕೊಳವೆಗಳು ಒಂದರೊಳಗೊಂದು ಕೂತಿರುತ್ತವೆ. ಪ್ರತಿ ಕೊಳವೆಯ ತುದಿಯಲ್ಲಿ ರಾಟೆ. ಹಿಂದಿನ ಕೊಳವೆ ಏರಿದಾಗ ಉಕ್ಕಿನ ಹಗ್ಗ ಮುಂದಿನದನ್ನು ಎಳೆಯುತ್ತದೆ. ಹೀಗಾಗಿ ಬುಡದಲ್ಲಿ ಒಂದೇ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ತಿರುಗಿಸಿದರೆ ಎಲ್ಲ ಕೊಳವೆಗಳೂ ಏರುತ್ತವೆ. ಕೈಯಿಂದ ತಿರುಗಿಸುವ ವಿಂಚ್ ಮೊದಲು ಬಂತು, ಆಮೇಲೆ ಮೋಟಾರಿನದು, ಹೈಡ್ರಾಲಿಕ್‌ನದು. ಅಗ್ನಿಶಾಮಕ ವಾಹನಗಳ ನೆತ್ತಿಯ ಮೇಲಿನ ಕಂಬಗಳು ಹಲವು ಕಡೆ ಒತ್ತಡದ ಗಾಳಿಯಿಂದ ಏರುತ್ತವೆ.

ಎತ್ತರದ ವಿಷಯದಲ್ಲಿ ಎರಡು ಎಳೆತಗಳಿವೆ. ದೀಪ ಕೆಳಗಿದ್ದರೆ ಬೆಳಕು ಓರೆಯಾಗಿ ಬಂದು ಕಣ್ಣಿಗೆ ಹೊಡೆಯುತ್ತದೆ, ನೆರಳು ಉದ್ದವಾಗುತ್ತದೆ. ದೀಪ ಮೇಲೆ ಹೋದಂತೆ ಬೆಳಕು ತೆಳುವಾಗುತ್ತದೆ: ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೇಲಾಗಿ ಎತ್ತರದ ಕಂಬಕ್ಕೆ ಗಾಳಿಯ ಹೊಡೆತ ಹೆಚ್ಚು, ಅದನ್ನು ತಡೆಯಲು ಭಾರದ ಟ್ರೇಲರ್ ಬೇಕು. ಜೀಪು ಎಳೆಯಬಲ್ಲ ತೂಕ, ನಾಲ್ಕು ಜ್ಯಾಕ್‌ಗಳ ಮೇಲೆ ನಿಲ್ಲಬಲ್ಲ ಕಂಬ, ಕೆಲಸಕ್ಕೆ ಸಾಲುವ ಬೆಳಕು ಇವು ಒಂದಕ್ಕೊಂದು ಹೊಂದಿಕೊಂಡದ್ದು ಒಂಬತ್ತು ಮೀಟರಿನ ಆಸುಪಾಸಿನಲ್ಲಿ. ಗಣಿಗಳಿಗೆ ಇದಕ್ಕಿಂತ ಎತ್ತರದವೂ ಇವೆ.

ಹಳೆಯ ಟವರ್‌ನ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದರೆ ಡೀಸೆಲ್ ಉಳಿಯುತ್ತದಲ್ಲವೇ?

ಸ್ವಲ್ಪ ಉಳಿಯುತ್ತದೆ. ಆದರೆ ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಬುದ್ಧಿವಂತಿಕೆ. 4 ಕಿಲೋವಾಟ್ ಹೊರೆಗೆಂದು ಕೂಡಿಸಿದ ಎಂಜಿನ್ ಮೇಲೆ ಒಂದು ಕಿಲೋವಾಟ್ ಚಿಲ್ಲರೆ ಹೊರೆ ಬಿದ್ದರೆ, ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡಾಗಿ ಸೇರುತ್ತದೆ, ಇಂಧನ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಎಂಜಿನ್ನಿನ ಆಯುಷ್ಯ ಕುಗ್ಗುತ್ತದೆ. ಎಲ್‌ಇಡಿಗೆಂದೇ ಮಾಡಿದ ಹೊಸ ಟವರ್‌ಗಳಲ್ಲಿ ಎಂಜಿನ್ನೂ ಸಣ್ಣದಾಗಿರುವುದು ಈ ಕಾರಣಕ್ಕೆ. ಮೆಟಲ್ ಹ್ಯಾಲೈಡ್ ಟವರ್ ಗಂಟೆಗೆ ಸುಮಾರು 2 ಲೀಟರ್ ಕುಡಿದರೆ, ಸರಿಯಾಗಿ ಹೊಂದಿಸಿದ ಎಲ್‌ಇಡಿ ಟವರ್‌ಗೆ ಅದರ ಅರ್ಧವೂ ಬೇಡ. ಬ್ಯಾಟರಿ ಸೇರಿಸಿದ ಹೈಬ್ರಿಡ್ ಮಾದರಿಗಳಲ್ಲಿ ಎಂಜಿನ್ ಕೆಲವೇ ಗಂಟೆ ಪೂರ್ಣ ಹೊರೆಯಲ್ಲಿ ಓಡಿ ಬ್ಯಾಟರಿ ತುಂಬಿಸುತ್ತದೆ, ಮಿಕ್ಕ ಹೊತ್ತು ಸದ್ದಿಲ್ಲ. ಎಂಜಿನ್ನಿಗೂ ಅದೇ ಹಿತ.

ಬೇಸ್‌ಬಾಲ್‌ನ ಬಳಿಕ ಈ ಕಥೆಯಲ್ಲಿ ಕ್ರೀಡೆಯ ಪಾತ್ರ ಮುಗಿಯಿತೇ?

ಇಲ್ಲ. 1982ರ ಸೆಪ್ಟೆಂಬರ್ 18ರಂದು ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಮಿಷಿಗನ್ ವಿರುದ್ಧದ ಅಮೆರಿಕನ್ ಫುಟ್‌ಬಾಲ್ ಪಂದ್ಯ ಮೊದಲ ಬಾರಿ ರಾತ್ರಿ ನಡೆಯಿತು. ಅಲ್ಲಿ ಶಾಶ್ವತ ದೀಪಗಳೇ ಇರಲಿಲ್ಲ. ಐಯೊವಾ ರಾಜ್ಯದ ಮಸ್ಕೊ ಕಂಪನಿ ಟ್ರಕ್ಕುಗಳ ಮೇಲೆ ದೀಪ ತಂದು ನಿಲ್ಲಿಸಿತು. ಟಿವಿ ಕ್ಯಾಮೆರಾಕ್ಕೆ ಬೇಕಾದ ಮಟ್ಟದ ಬೆಳಕನ್ನು ಒಂದು ರಾತ್ರಿಗೆ ಬಾಡಿಗೆಗೆ ತರಬಹುದು ಎಂಬುದು ಆಗ ಸ್ಪಷ್ಟವಾಯಿತು. ಇಂಥ ಕೆಲಸದಲ್ಲಿ ಮಿಣುಕು ಒಂದು ತೊಡಕು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಬ್ಯಾಲಸ್ಟಿನ (ದೀಪಕ್ಕೆ ಹರಿಯುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಸಾಧನ) ದೀಪ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ನಮ್ಮ ಕಣ್ಣಿಗೆ ಕಾಣದ ಅದು ನಿಧಾನ ಚಲನೆಯ ಚಿತ್ರೀಕರಣದಲ್ಲಿ ಎದ್ದು ಕಾಣುತ್ತದೆ.

ಗಾಳಿ ತುಂಬಿ ನಿಲ್ಲಿಸುವ ಟವರ್, ಬಲೂನ್ ದೀಪ ಎಂದರೇನು?

ಎರಡೂ ಬೇರೆ. ಬಲೂನ್ ದೀಪದಲ್ಲಿ ಬಲ್ಬು ಬಿಳಿ ಬಟ್ಟೆಯ ಗೋಳದ ಒಳಗಿರುತ್ತದೆ, ಬೆಳಕು ಮೆತ್ತಗೆ ಸುತ್ತಲೂ ಹರಡುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1994ರಲ್ಲಿ ಶುರುವಾದ ಏರ್‌ಸ್ಟಾರ್ ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಓಡಾಡುವ ವಾಹನಗಳ ಪಕ್ಕದಲ್ಲಿ ಕೆಲಸ ಮಾಡುವಾಗ ಇದಕ್ಕೆ ಸರಿಸಾಟಿ ಇಲ್ಲ, ಏಕೆಂದರೆ ಚಾಲಕರ ಕಣ್ಣು ಕುಕ್ಕುವುದಿಲ್ಲ.

ಗಾಳಿ ತುಂಬುವ ಟವರ್‌ನಲ್ಲಿ ಕಂಬವೇ ಬಟ್ಟೆಯ ಕೊಳವೆ. ಬುಡದ ಬ್ಲೋವರ್ ಗಾಳಿ ಊದುತ್ತಲೇ ಇರುತ್ತದೆ, ಕೊಳವೆ ನೆಟ್ಟಗಾಗಿ ದೀಪವನ್ನು ಹೊತ್ತು ನಿಲ್ಲುತ್ತದೆ. ಭಾರತದಲ್ಲಿ ಪೊಲೀಸರು, ಅಗ್ನಿಶಾಮಕ ದಳದವರು ‘ಆಸ್ಕಾ ಲೈಟ್’ ಎಂದು ಕರೆಯುವುದು ಈ ಬಗೆಯನ್ನು. ಇಬ್ಬರು ಹೊತ್ತೊಯ್ದು ಕೆಲವೇ ನಿಮಿಷದಲ್ಲಿ ನಿಲ್ಲಿಸಬಹುದು. ಟ್ರೇಲರ್ ಹೋಗದ ಗುಡ್ಡಗಾಡು, ನದಿ ದಂಡೆ, ಕುಸಿದ ಕಟ್ಟಡದ ಓಣಿಗಳಲ್ಲಿ ಅದೇ ಗತಿ.

ಕರ್ನಾಟಕದಲ್ಲಿ ಇಂಥ ಬೆಳಕಿನ ಪರಂಪರೆ ಇದೆಯೇ?

ಸಂಚಾರಿ ಬೆಳಕಿನ ಪರಂಪರೆ ಖಂಡಿತ ಇದೆ, ಅದೂ ಯಕ್ಷಗಾನದಲ್ಲಿ. ಬಯಲಾಟದ ಮೇಳಗಳು ಊರೂರು ಸುತ್ತಿ ಇಡೀ ರಾತ್ರಿ ಆಡುವಾಗ ಬೆಳಕನ್ನೂ ಹೊಂದಿಸಿಕೊಳ್ಳಲೇಬೇಕಿತ್ತು. ಮೊದಲು ದೊಂದಿ, ದೀವಟಿಗೆ. ಆಮೇಲೆ ಕರಾವಳಿಯವರು ‘ಗ್ಯಾಸ್‌ಲೈಟ್’ ಎನ್ನುವ ಪೆಟ್ರೋಮ್ಯಾಕ್ಸ್. ಸುಮಾರು 1910ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ಗ್ರೆಟ್ಜ್ ರೂಪಿಸಿದ ಆ ದೀಪದಲ್ಲಿ ಸೀಮೆಎಣ್ಣೆಯ ಆವಿ ಮ್ಯಾಂಟಲ್ ಎಂಬ ಜಾಳಿಗೆಯನ್ನು ಕಾಯಿಸಿ ಬೆಳಗಿಸುತ್ತದೆ. ಪಂಪು ಹೊಡೆದು ಒತ್ತಡ ಏರಿಸುವ ತತ್ವ ವೆಲ್ಸ್ ಲೈಟಿನದೇ. ನಂತರ ಜನರೇಟರ್, ಟ್ಯೂಬ್‌ಲೈಟ್, ಹ್ಯಾಲೊಜನ್ ಬಂದವು. ದೊಂದಿಯ ಬೆಳಕಿನಲ್ಲಿ ಎದ್ದು ಕಾಣಲೆಂದು ಬೆಳೆದ ವೇಷದ ಬಣ್ಣಗಾರಿಕೆ ಹ್ಯಾಲೊಜನ್ ಅಡಿಯಲ್ಲಿ ಬೇರೆಯಾಗಿಯೇ ಕಾಣುತ್ತದೆ ಎಂದು ನಂಬುವವರಲ್ಲಿ ನಾನೂ ಒಬ್ಬ. ಆಗೀಗ ನಡೆಯುವ ದೊಂದಿ ಬೆಳಕಿನ ಪ್ರದರ್ಶನಗಳನ್ನು ನೋಡಿದರೆ ಈ ಮಾತು ತಿಳಿಯುತ್ತದೆ.

ಸ್ಥಿರ ವಿದ್ಯುತ್ತಿನ ವಿಷಯದಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ತಂತಿ ಮುಟ್ಟದ ಕಡೆಗೆ ಜನರೇಟರೇ ಆಸರೆ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಗದ್ದೆ ಬಯಲುಗಳಲ್ಲಿ ಇಂದಿಗೂ ಅದನ್ನು ನೋಡಬಹುದು. ರಾತ್ರಿಯಿಡೀ ನಡೆಯುವ ಕಂಬಳಕ್ಕೂ ಬೆಳಕು ಬೇಕೇ ಬೇಕು.

ಒಂದು ಕೆಲಸಕ್ಕೆ ಎಷ್ಟು ಬೆಳಕು ಬೇಕು ಎಂದು ಹೇಗೆ ತಿಳಿಯುವುದು?

ನೆಲದ ಮೇಲಿನ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಹುಣ್ಣಿಮೆಯ ಬೆಳಕು ಒಂದು ಲಕ್ಸ್‌ನ ಕಾಲು ಭಾಗದ ಆಸುಪಾಸು. ಅಮೆರಿಕದ ರಸ್ತೆ ಕಾಮಗಾರಿಯ ಮಾರ್ಗಸೂಚಿ ಮೂರು ಮಟ್ಟ ಹೇಳುತ್ತದೆ: ಜನರ ಓಡಾಟಕ್ಕೆ 54 ಲಕ್ಸ್, ಯಂತ್ರಗಳ ಸುತ್ತಿನ ಕೆಲಸಕ್ಕೆ 108, ಬಿರುಕು ತುಂಬುವಂಥ ಸೂಕ್ಷ್ಮ ಕೆಲಸಕ್ಕೆ 216. ಲಕ್ಸ್ ಮೀಟರ್ ದುಬಾರಿಯಲ್ಲ. ಮೊಬೈಲ್ ಆ್ಯಪ್ ನಂಬಿ ಕೂರುವ ಬದಲು ಗುತ್ತಿಗೆದಾರರು ಒಂದನ್ನು ಕೊಳ್ಳಲಿ. ಟವರ್ ಬುಡದಲ್ಲಲ್ಲ, ಕೆಲಸಗಾರ ನಿಂತ ಜಾಗದಲ್ಲಿ, ಅವನ ನೆರಳು ಬೀಳುವ ಕಡೆ ಅಳೆಯಬೇಕು.

ಟವರ್ ನಿಲ್ಲಿಸುವಾಗ ಜನ ಹೆಚ್ಚಾಗಿ ಮರೆಯುವುದು ಏನನ್ನು?

ತಲೆಯ ಮೇಲಿನ ತಂತಿಯನ್ನು. ಕಂಬ ಏರಿಸುವವರ ಕಣ್ಣು ವಿಂಚ್ ಮೇಲಿರುತ್ತದೆ, ಮೇಲೆ ವಿದ್ಯುತ್ ಲೈನ್ ಹಾದುಹೋಗಿರುತ್ತದೆ. ಉಕ್ಕಿನ ಕಂಬ ಮುಟ್ಟಬೇಕೆಂದೇನಿಲ್ಲ, ತೀರಾ ಹತ್ತಿರ ಹೋದರೂ ವಿದ್ಯುತ್ ಜಿಗಿಯುತ್ತದೆ. 50 ಸಾವಿರ ವೋಲ್ಟ್‌ವರೆಗಿನ ಲೈನಿಗೆ ಕನಿಷ್ಠ 3 ಮೀಟರ್ ಅಂತರ ಎಂಬುದು ಅಮೆರಿಕದ ನಿಯಮ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಳಿತು. ಹಗಲಿರುವಾಗಲೇ ಜಾಗ ನೋಡಿಟ್ಟುಕೊಳ್ಳಿ.

ಉಳಿದವು: ನೆಲ ಸಮತಟ್ಟಾಗಿರಬೇಕು, ಜ್ಯಾಕ್ ಅಡಿಗೆ ಹಲಗೆ ಬೇಕು, ಔಟ್‌ರಿಗರ್ (ಟ್ರೇಲರಿನ ಪಕ್ಕಕ್ಕೆ ಚಾಚುವ ಆಧಾರದ ತೋಳು) ಪೂರ್ತಿ ಹೊರಚಾಚಿರಬೇಕು, ಅರ್ಥಿಂಗ್ ಕಡ್ಡಿ ನೆಟ್ಟಿರಬೇಕು. ಕಂಬ ಎತ್ತಿದ ಸ್ಥಿತಿಯಲ್ಲಿ ಟ್ರೇಲರ್ ಎಳೆಯಲೇಬಾರದು. ತಡೆಯಬಲ್ಲ ಗಾಳಿಯ ವೇಗ ಹಲವು ಮಾದರಿಗಳಲ್ಲಿ ಗಂಟೆಗೆ ಸುಮಾರು 100 ಕಿ.ಮೀ. ಎಂದಿರುತ್ತದೆ, ಕೆಲವಕ್ಕೆ ಕಡಿಮೆ, ಯಂತ್ರದ ಮೇಲಿನ ಫಲಕ ಓದಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಗಾಳಿ ಏಕಾಏಕಿ ಏರುವುದರಿಂದ ಮೋಡ ಕಟ್ಟಿದಾಗಲೇ ಕಂಬ ಇಳಿಸುವುದು ಜಾಣತನ. ಬೆಳಕನ್ನು ಎದುರು ಬರುವ ವಾಹನಗಳ ಕಡೆ ತಿರುಗಿಸಬೇಡಿ. ಒಂದೇ ಟವರ್ ಇಡುವುದಕ್ಕಿಂತ ಎರಡು ಬದಿಯಿಂದ ಎರಡು ಟವರ್ ಇಟ್ಟರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ.

ಸದ್ದು, ಹೊಗೆಗೆ ನಿಯಮಗಳಿವೆಯೇ?

ಭಾರತದಲ್ಲಿ ಡೀಸೆಲ್ ಜನರೇಟರ್‌ಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮಿತಿ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಸ ಹೊಗೆ ಮಾನದಂಡ 2023ರ ಜುಲೈ 1ರಿಂದ ಜಾರಿಗೆ ಬಂದಿದೆ. ಬಾಡಿಗೆಗೆ ತರುವವರು ಯಂತ್ರ ಯಾವ ವರ್ಷದ್ದು ಎಂದು ಕೇಳುವುದು ವಾಡಿಕೆಯಾಗಬೇಕು. ಹೊಗೆ ಕುಡಿಯುವವನು ಮಾಲೀಕನಲ್ಲ, ಪಕ್ಕದಲ್ಲಿ ಗುದ್ದಲಿ ಹಿಡಿದವನು.

ಸೌರಶಕ್ತಿ, ಹೈಡ್ರೋಜನ್ ಟವರ್‌ಗಳು ಕೆಲಸಕ್ಕೆ ಬರುತ್ತವೆಯೇ?

ಬರುತ್ತವೆ, ಎಲ್ಲ ಕಡೆಗೂ ಅಲ್ಲ. ಎಲ್‌ಇಡಿ ವಿದ್ಯುತ್ ಬೇಡಿಕೆಯನ್ನು ಇಳಿಸಿದ್ದರಿಂದಲೇ ಸೌರ ಟವರ್ ಸಾಧ್ಯವಾಯಿತು. ವಾಹನ ನಿಲುಗಡೆ, ಕಾವಲು, ದಾರಿ ತೋರಿಸುವ ಬೆಳಕಿಗೆ ಅದು ಚೆನ್ನ. ಮಲೆನಾಡಿನ ಜುಲೈ ತಿಂಗಳಲ್ಲಿ ಸೂರ್ಯ ಮುಖ ತೋರಿಸದ ವಾರಗಳಲ್ಲಿ ಅದನ್ನೊಂದೇ ನೆಚ್ಚಿ ಭಾರಿ ಕಾಮಗಾರಿ ನಡೆಸುವುದು ಸಲ್ಲದು.

ಹೈಡ್ರೋಜನ್ನಿನಿಂದ, ಉರಿಸದೆಯೇ, ವಿದ್ಯುತ್ ತಯಾರಿಸುವ ಫ್ಯೂಯೆಲ್ ಸೆಲ್ ಟವರನ್ನು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ, ಮಲ್ಟಿಕ್ವಿಪ್ ಮೊದಲಾದ ಕಂಪನಿಗಳ ಜೊತೆಗೂಡಿ ರೂಪಿಸಿತು. 2011ರ ಜುಲೈನಲ್ಲಿ ಬಾಹ್ಯಾಕಾಶ ನೌಕೆ ಅಟ್ಲಾಂಟಿಸ್‌ನ ಕೊನೆಯ ಉಡಾವಣೆಯ ವೇಳೆ ಕೆನಡಿ ಕೇಂದ್ರದಲ್ಲಿ ಅಂಥದೊಂದು ಟವರ್ ಬಳಸಿದರು. ಅದರಿಂದ ಹೊರಬರುವುದು ನೀರಾವಿ ಮಾತ್ರ, ಸದ್ದು ತೀರಾ ಕಡಿಮೆ. ಹೀಗಾಗಿ ಸುರಂಗ, ಆಸ್ಪತ್ರೆ ಪಕ್ಕದ ರಸ್ತೆ, ವಿಮಾನ ನಿಲ್ದಾಣಕ್ಕೆ ಇದು ಒಪ್ಪುತ್ತದೆ. ತೊಡಕಿರುವುದು ಇಂಧನದ ಪೂರೈಕೆಯಲ್ಲಿ. ಡೀಸೆಲ್ ಹಳ್ಳಿಯ ಬಂಕಿನಲ್ಲೂ ಸಿಗುತ್ತದೆ, ಹೈಡ್ರೋಜನ್ ಸಿಲಿಂಡರ್ ಹಾಗಲ್ಲ. ನಮ್ಮ ರಸ್ತೆ ಕಾಮಗಾರಿಗಳಿಗೆ ಸದ್ಯಕ್ಕೆ ಸಣ್ಣ ಎಂಜಿನ್, ಬ್ಯಾಟರಿ, ಎಲ್‌ಇಡಿ ಕೂಡಿದ ಹೈಬ್ರಿಡ್ ಟವರೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ತೀರ್ಮಾನ.